ಮಗುವಿಗೆ ಮೂಳೆ ಗಟ್ಟಿ ಮಾಡುವ ಡ್ರಿಪ್: ಯಾವ ಹಂತದಲ್ಲಿ ಏನು ಗಮನಿಸಬೇಕು

ಅಂಗಿ ತೊಡಿಸುವಾಗ ತೋಳು ಮುರಿಯಿತು, ಹಾಸಿಗೆಯಲ್ಲಿ ಮಗ್ಗುಲಾಗುವಾಗ ತೊಡೆ ಮುರಿಯಿತು. ಇಂಥ ಮಗು ಇರುವ ಮನೆಯವರಿಗೆ ಒಂದಲ್ಲ ಒಂದು ದಿನ ಡಾಕ್ಟರ್ ಹೇಳುತ್ತಾರೆ, "ಮೂಳೆ ಗಟ್ಟಿಯಾಗೋಕೆ ಡ್ರಿಪ್ ಶುರು ಮಾಡೋಣ" ಅಂತ. ಕೇಳಿ ಸಮಾಧಾನವಾಗುತ್ತದೆ. ರಾತ್ರಿ ಮೊಬೈಲಿನಲ್ಲಿ ಆ ಔಷಧದ ಹೆಸರು ಹುಡುಕಿದರೆ ದವಡೆ ಮೂಳೆ ಸಾಯುತ್ತದೆ, ತೊಡೆ ಮೂಳೆ ತಾನಾಗಿ ಮುರಿಯುತ್ತದೆ, ಕಿಡ್ನಿ ಹಾಳಾಗುತ್ತದೆ ಅಂತೆಲ್ಲ ಕಾಣುತ್ತದೆ. ಬಂದ ಸಮಾಧಾನ ಅಲ್ಲಿಗೆ ಮುಗಿಯಿತು.

ಹಾಗೆ ಕಾಣುವುದರಲ್ಲಿ ಹೆಚ್ಚಿನದು ವಯಸ್ಸಾದವರಿಗೆ, ಕ್ಯಾನ್ಸರ್ ರೋಗಿಗಳಿಗೆ ಆದದ್ದು. ಮಕ್ಕಳಿಗೆ ಆಗುವ ತೊಂದರೆಗಳೇ ಬೇರೆ, ಆಗುವ ಸಮಯವೂ ಬೇರೆ. ಕೆಲವು ಮೊದಲ ಮೂರು ದಿನದಲ್ಲೇ ಆಗುತ್ತವೆ. ಕೆಲವು ಆಪರೇಷನ್ ಹೊತ್ತಿಗೆ ಬರುತ್ತವೆ. ಇನ್ನು ಕೆಲವು ಔಷಧ ನಿಲ್ಲಿಸಿದಾಗ. ಯಾವುದು ಯಾವಾಗ ಬರುತ್ತದೆ ಅಂತ ಗೊತ್ತಿದ್ದರೆ ಬಹಳಷ್ಟನ್ನು ತಡೆಯಬಹುದು. ಹೆದರಿ ಡ್ರಿಪ್ ಬೇಡ ಅನ್ನುವುದು ತಪ್ಪು, ಏನೂ ಕೇಳದೆ ಕೈ ಒಡ್ಡುವುದೂ ತಪ್ಪು. ಹಾಗಾಗಿ ಈ ಲೇಖನವನ್ನು ಡ್ರಿಪ್ ಶುರುವಾಗುವ ಮೊದಲಿಂದ ಹಿಡಿದು ನಿಲ್ಲಿಸುವ ತನಕ, ಹಂತ ಹಂತವಾಗಿ ಬರೆದಿದ್ದೇನೆ.

ಹೆಚ್ಚಾಗಿ ಹೇಳುವುದು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಇರುವ ಮಕ್ಕಳ ಬಗ್ಗೆ. ಆಸ್ಪತ್ರೆಯಲ್ಲಿ, ಮನೆಗಳಲ್ಲಿ ಎಲ್ಲರೂ ಓಐ ಅಂತಲೇ ಕರೆಯುತ್ತಾರೆ. ಹುಟ್ಟುವ 15ರಿಂದ 20 ಸಾವಿರ ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಇದು ಬರುತ್ತದೆ. ಮೂಳೆಯ ಒಳಗಿನ ನಾರಿನಂಥ ಕೊಲಾಜನ್ ಸರಿಯಾಗಿ ತಯಾರಾಗುವುದಿಲ್ಲ, ಅಥವಾ ಸಾಕಷ್ಟು ತಯಾರಾಗುವುದಿಲ್ಲ. ಡುಶೆನ್ ಸ್ನಾಯುಕ್ಷಯಕ್ಕೆ ಸ್ಟೀರಾಯ್ಡ್ ತೆಗೆದುಕೊಂಡು ಮೂಳೆ ದುರ್ಬಲವಾದ ಹುಡುಗರ ಮಾತೂ ನಡುವೆ ಬರುತ್ತದೆ.

ಮೊದಲು ಔಷಧ ಏನು ಮಾಡುತ್ತದೆ ಅಂತ ತಿಳಿಯಿರಿ

ನಮ್ಮ ಮೂಳೆಯಲ್ಲಿ ಎರಡು ಬಗೆಯ ಕೆಲಸ ಯಾವಾಗಲೂ ನಡೆಯುತ್ತಿರುತ್ತದೆ. ಒಂದು ಗುಂಪಿನ ಜೀವಕಣಗಳು ಹಳೇ ಮೂಳೆಯನ್ನು ಕೆರೆದು ತೆಗೆಯುತ್ತವೆ, ಇನ್ನೊಂದು ಗುಂಪು ಹೊಸದನ್ನು ಕಟ್ಟುತ್ತದೆ. ಹಳೇ ಗೋಡೆಯ ಗಾರೆ ಕೆತ್ತಿ ಹೊಸ ಗಾರೆ ಮೆತ್ತಿದ ಹಾಗೆ. ಓಐ ಮಕ್ಕಳಲ್ಲಿ ಕೆತ್ತುವ ಕೆಲಸ ಜೋರಾಗಿರುತ್ತದೆ. ಪಮಿಡ್ರೊನೇಟ್, ಜೊಲೆಡ್ರೊನಿಕ್ ಆಸಿಡ್ ಇವೆಲ್ಲ ಬಿಸ್‌ಫಾಸ್ಫೊನೇಟ್ ಎಂಬ ಒಂದೇ ಗುಂಪಿನ ಔಷಧಗಳು. ಇವು ಕೆತ್ತುವ ಕಣಗಳನ್ನು ತಡೆಯುತ್ತವೆ. ಮೂಳೆ ಸಾಂದ್ರವಾಗುತ್ತದೆ, ಬೆನ್ನುಮೂಳೆಯ ಚಪ್ಪಟೆಯಾದ ಬಿಲ್ಲೆಗಳು ಆಕಾರಕ್ಕೆ ಬರುತ್ತವೆ, ಬೆನ್ನುನೋವು ಇಳಿಯುತ್ತದೆ. ಆದರೆ ಕೊಲಾಜನ್ ದೋಷ ಹಾಗೇ ಉಳಿಯುತ್ತದೆ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಡ್ರಿಪ್ ಹಾಕಿಸಿದ ಮೇಲೂ ಮೂಳೆ ಮುರಿಯಬಹುದು. ಆಗ ಔಷಧ ಕೆಲಸ ಮಾಡಲಿಲ್ಲ ಅಂತ ಇನ್ನೊಂದು ಆಸ್ಪತ್ರೆಗೆ ಓಡಿ, ಅಲ್ಲಿ ಮತ್ತೆ ಮೊದಲಿಂದ ಡೋಸ್ ಹಾಕಿಸಬೇಡಿ.

ಈ ಚಿಕಿತ್ಸೆ ಜಗತ್ತಿನ ಗಮನ ಸೆಳೆದದ್ದು 1998ರಲ್ಲಿ. ಕೆನಡಾದ ಮಾಂಟ್ರಿಯಲ್‌ನ ಶ್ರೈನರ್ಸ್ ಆಸ್ಪತ್ರೆಯ ಫ್ರಾನ್ಸಿಸ್ ಗ್ಲೋರಿಯೊ ಮತ್ತು ಸಂಗಡಿಗರು, ತೀವ್ರ ಓಐ ಇದ್ದ 30 ಮಕ್ಕಳಿಗೆ ಪಮಿಡ್ರೊನೇಟ್ ಕೊಟ್ಟ ಫಲಿತಾಂಶ ಪ್ರಕಟಿಸಿದರು. ನೋವು ಕಡಿಮೆಯಾಗಿತ್ತು, ಮುರಿತ ಕಡಿಮೆಯಾಗಿತ್ತು, ಅರ್ಧದಷ್ಟು ಮಕ್ಕಳ ಓಡಾಟ ಸುಧಾರಿಸಿತ್ತು. ಮುಂದೆ ಬಂದ ಅಧ್ಯಯನಗಳಲ್ಲಿ ಮೂಳೆಯ ಸಾಂದ್ರತೆ ಹೆಚ್ಚುವುದು ಎಲ್ಲ ಕಡೆ ಕಂಡಿತು. ಮುರಿತ ಎಷ್ಟು ಕಡಿಮೆಯಾಗುತ್ತದೆ ಎಂಬುದರಲ್ಲಿ ಮಾತ್ರ ಫಲಿತಾಂಶ ಒಂದೇ ಥರ ಬರಲಿಲ್ಲ. ಆದ್ದರಿಂದ ಸಾಂದ್ರತೆಯ ಅಂಕಿಯನ್ನೇ ಗುರಿ ಮಾಡಿಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಗು ಕೂರುತ್ತಿದೆಯಾ, ನಿಲ್ಲುತ್ತಿದೆಯಾ, ನೋವಿಲ್ಲದೆ ನಿದ್ದೆ ಮಾಡುತ್ತಿದೆಯಾ, ಅದನ್ನು ನೋಡಬೇಕು.

ಡ್ರಿಪ್‌ಗೆ ಮುಂಚಿನ ವಾರಗಳು

ಎಲ್ಲಕ್ಕಿಂತ ಹೆಚ್ಚು ತೊಂದರೆ ತಪ್ಪಿಸಬಹುದಾದ ಹಂತ ಇದು. ವಿಚಿತ್ರ ಅಂದರೆ, ಎಲ್ಲಕ್ಕಿಂತ ಅವಸರದಲ್ಲಿ ಮುಗಿಯುವುದೂ ಇದೇ.

ವಿಟಮಿನ್ ಡಿ ಪರೀಕ್ಷೆ ಮಾಡಿಸದೆ ಡ್ರಿಪ್‌ಗೆ ಒಪ್ಪಬೇಡಿ. ಕಾರಣ ಸರಳ. ಔಷಧ ಒಳಗೆ ಹೋದ ಮೇಲೆ ಮೂಳೆಯಿಂದ ರಕ್ತಕ್ಕೆ ಬರುವ ಕ್ಯಾಲ್ಸಿಯಂ ಏಕಾಏಕಿ ನಿಲ್ಲುತ್ತದೆ. ಆಗ ಊಟದಿಂದ ಬರುವ ಕ್ಯಾಲ್ಸಿಯಂ ಒಂದೇ ಆಧಾರ. ಅದನ್ನು ಕರುಳು ಹೀರಬೇಕಾದರೆ ವಿಟಮಿನ್ ಡಿ ಬೇಕು. ಡಿ ಕಡಿಮೆ ಇದ್ದರೆ ರಕ್ತದ ಕ್ಯಾಲ್ಸಿಯಂ ಕುಸಿದು ಮಗುವಿಗೆ ಫಿಟ್ಸ್ ಬರಬಹುದು. ವರದಿಯಲ್ಲಿ 25 ಹೈಡ್ರಾಕ್ಸಿ ವಿಟಮಿನ್ ಡಿ ಅಂತ ಇರುತ್ತದೆ. ಮಿಲಿಲೀಟರಿಗೆ ಕನಿಷ್ಠ 20 ನ್ಯಾನೋಗ್ರಾಂ ಇರಲೇಬೇಕು, ಹಲವು ಡಾಕ್ಟರುಗಳು 30 ದಾಟಲಿ ಅನ್ನುತ್ತಾರೆ. ನಮ್ಮಲ್ಲಿ ಬಿಸಿಲಿಗೇನು ಬರ ಅಂತ ಅನಿಸಬಹುದು. ಆದರೆ ಬಿದ್ದು ಮುರಿದುಕೊಂಡೀತು ಅನ್ನುವ ಭಯದಲ್ಲಿ ಮನೆಯೊಳಗೇ ಇರಿಸಿದ ಮಗುವಿಗೆ ಬಿಸಿಲು ಎಲ್ಲಿಂದ ಸಿಗಬೇಕು? ಕಡಿಮೆ ಬಂದರೆ ಡಾಕ್ಟರ್ ಕೆಲವು ವಾರ ಡಿ ಕೊಟ್ಟು, ಮತ್ತೆ ಪರೀಕ್ಷೆ ಮಾಡಿಸಿ, ಆಮೇಲೆ ಡ್ರಿಪ್ ಹಾಕುತ್ತಾರೆ. ಆ ಕೆಲವು ವಾರ ಕಾಯುವುದರಿಂದ ನಷ್ಟವೇನೂ ಇಲ್ಲ.

ಕ್ಯಾಲ್ಸಿಯಂ ಊಟದಲ್ಲಿ ಸಾಕಷ್ಟು ಸಿಗಬೇಕು. ಈ ವಿಷಯದಲ್ಲಿ ರಾಗಿ ತಿನ್ನುವ ಮನೆಯವರು ಪುಣ್ಯವಂತರು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಅಂಬಲಿ, ಮುದ್ದೆ, ರಾಗಿ ಮಾಲ್ಟ್, ಜೊತೆಗೆ ಹಾಲು ಮೊಸರು. ಊಟ ಸರಿಯಾಗಿ ಸೇರದ ಮಗುವಿಗೆ ಸಿರಪ್ ಅಥವಾ ಮಾತ್ರೆ ಬರೆದುಕೊಡುತ್ತಾರೆ.

ರಕ್ತದ ಕ್ಯಾಲ್ಸಿಯಂ, ಫಾಸ್ಫರಸ್, ಕಿಡ್ನಿಯ ಕ್ರಿಯಾಟಿನಿನ್ ಇವನ್ನೂ ನೋಡಬೇಕು. ಹದಿಹರೆಯದ ಹುಡುಗಿಯರಿಗೆ ಪ್ರತಿ ಡ್ರಿಪ್‌ಗೂ ಮುಂಚೆ ಗರ್ಭ ಪರೀಕ್ಷೆ ಕೇಳಬಹುದು. ಅದನ್ನು ಅವಮಾನ ಅಂದುಕೊಳ್ಳಬೇಡಿ, ಹಲವು ಕಡೆ ಇರುವ ನಿಯಮ ಅದು.

ಹಲ್ಲಿನ ಡಾಕ್ಟರ್ ಹತ್ತಿರ ಈಗಲೇ ಹೋಗಿ. ಓಐ ಮಕ್ಕಳಲ್ಲಿ ಹಲವರ ಹಲ್ಲು ಬೂದು ಅಥವಾ ಕಂದು ಬಣ್ಣವಿದ್ದು ಬೇಗ ಸವೆಯುತ್ತದೆ. ಕೀಳಬೇಕಾದ ಹಲ್ಲು, ಹುಳುಕು, ಕೀವು ಇದ್ದರೆ ಡ್ರಿಪ್‌ಗೆ ಮುಂಚೆ ಮುಗಿಸಿ. ಮೊಬೈಲಿನಲ್ಲಿ ಓದಿ ಎಲ್ಲರೂ ಹೆದರುವ ದವಡೆ ಮೂಳೆ ಸಾಯುವ ತೊಂದರೆ, ಓಐಗೆ ಈ ಔಷಧ ಪಡೆದ ಮಕ್ಕಳ ಬಗ್ಗೆ ಆದ ಪರಿಶೀಲನೆಗಳಲ್ಲಿ ಖಚಿತವಾಗಿ ಕಂಡುಬಂದಿಲ್ಲ. ಅದು ಹೆಚ್ಚಾಗಿ ಕ್ಯಾನ್ಸರ್‌ಗಾಗಿ ಭಾರಿ ಡೋಸ್ ಪಡೆದ ದೊಡ್ಡವರಿಗೆ ಆಗುವುದು. ಮಕ್ಕಳಲ್ಲಿ ಆಗಬಹುದಾದದ್ದು ಬೇರೆ. ಹೊಸ ಹಲ್ಲು ಹುಟ್ಟುವುದು ತಡವಾಗಬಹುದು. ಹಾಲುಹಲ್ಲು ತಾನಾಗಿ ಬಿದ್ದರೆ ಏನೂ ಚಿಂತೆಯಿಲ್ಲ. ಮುಂದೆ ಹಲ್ಲು ಕೀಳಿಸುವ ಸಂದರ್ಭ ಬಂದರೆ ಮಾತ್ರ, ಈ ಔಷಧ ನಡೆಯುತ್ತಿದೆ ಅಂತ ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಬೇಕು.

ಡೋಸ್ ಲೆಕ್ಕ: ಇಲ್ಲಿ ಸಂಕೋಚ ಬೇಡ

ಜೊಲೆಡ್ರೊನಿಕ್ ಆಸಿಡ್ ದೊಡ್ಡವರಿಗಾಗಿ ತಯಾರಾದ ಔಷಧ. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಕೊಡುವ ಬಾಟಲಿಯಲ್ಲಿ 5 ಮಿಲಿಗ್ರಾಂ ಇರುತ್ತದೆ. ಕ್ಯಾನ್ಸರ್‌ಗೆ ಬಳಸುವ ವಯಲ್‌ನಲ್ಲಿ 4 ಮಿಲಿಗ್ರಾಂ. ಮಕ್ಕಳಿಗೆ ಸಾಮಾನ್ಯವಾಗಿ ಕೆಜಿಗೆ 0.05 ಮಿಲಿಗ್ರಾಂ, ಆರು ತಿಂಗಳಿಗೊಮ್ಮೆ. ಮೊಟ್ಟಮೊದಲ ಡೋಸ್ ಇನ್ನೂ ಕಡಿಮೆ, ಅರ್ಧ ಅಥವಾ ಕಾಲು ಭಾಗ ಕೊಡುವ ಕಡೆ ಹೆಚ್ಚು.

ಈಗ 12 ಕೆಜಿ ತೂಕದ ಮಗುವಿನ ಲೆಕ್ಕ ಹಾಕಿ. ಪೂರ್ತಿ ಡೋಸ್ 0.6 ಮಿಲಿಗ್ರಾಂ. ಮೊದಲ ಸಲ ಅರ್ಧ ಕೊಟ್ಟರೆ 0.3. ಅಂದರೆ 4 ಮಿಲಿಗ್ರಾಂ ವಯಲ್‌ನ ಹತ್ತನೇ ಒಂದು ಭಾಗವೂ ಇಲ್ಲ! ಉಳಿದದ್ದು ಬಿಸಾಡುವುದು. ದಶಮಾಂಶದ ಚುಕ್ಕಿ ಒಂದು ಮನೆ ಆಚೀಚೆ ಆದರೆ ಮಗುವಿಗೆ ಹತ್ತು ಪಟ್ಟು ಔಷಧ ಹೋಗುತ್ತದೆ. ಅದಕ್ಕೇ ಆ ದಿನ ಬೆಳಿಗ್ಗೆ ಮಗುವಿನ ತೂಕ ಹೊಸದಾಗಿ ನೋಡಿಸಿ. ಮನೆಯಲ್ಲೇ ಕೆಜಿಯನ್ನು 0.05ರಿಂದ ಗುಣಿಸಿ ಬರೆದುಕೊಂಡು ಹೋಗಿ. ಸಿಸ್ಟರ್ ಔಷಧ ತೆಗೆಯುವಾಗ, "ಸಿಸ್ಟರ್, ಒಟ್ಟು ಎಷ್ಟು ಮಿಲಿಗ್ರಾಂ ಹಾಕ್ತಿದ್ದೀರಿ?" ಅಂತ ಕೇಳಿ. ನಿಮ್ಮ ಚೀಟಿಯಲ್ಲಿ ಇರುವುದಕ್ಕೂ ಅವರು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಡಾಕ್ಟರನ್ನು ಕರೆಯಲು ಹೇಳಿ. ಒಳ್ಳೆಯ ಸಿಸ್ಟರ್ ಯಾರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಡಾಕ್ಟರ್ ಬೇಕೆಂದೇ ಬೇರೆ ಡೋಸ್ ಬರೆದಿರಲೂಬಹುದು. ಹಾಗಿದ್ದರೆ ಕಾರಣ ಹೇಳುತ್ತಾರೆ.

ಪಮಿಡ್ರೊನೇಟ್ ಆದರೆ ಲೆಕ್ಕ ಬೇರೆ. ಮಾಂಟ್ರಿಯಲ್‌ನ ಕ್ರಮದಲ್ಲಿ ಮೂರು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಕೆಜಿಗೆ 1 ಮಿಲಿಗ್ರಾಂನಂತೆ ಸತತ ಮೂರು ದಿನ, ನಾಲ್ಕು ತಿಂಗಳಿಗೊಮ್ಮೆ. ವರ್ಷದ ಒಟ್ಟು ಕೆಜಿಗೆ 9 ಮಿಲಿಗ್ರಾಂ. ಒಂದೊಂದು ದಿನದ ಡ್ರಿಪ್ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಒಂದು ಔಷಧದ ಡೋಸನ್ನು ಇನ್ನೊಂದಕ್ಕೆ ಹೋಲಿಸಬೇಡಿ. ಪಕ್ಕದ ಹಾಸಿಗೆಯ ಮಗುವಿಗೆ ಇಷ್ಟು ಹಾಕಿದರು, ನಮಗ್ಯಾಕೆ ಕಡಿಮೆ ಅನ್ನುವ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ ಇದೇ ಆಗಿರುತ್ತದೆ.

ಡ್ರಿಪ್ ಹಾಕುವ ದಿನ

ಹಿಂದಿನ ದಿನದಿಂದಲೇ ನೀರು, ಎಳನೀರು, ಗಂಜಿ ಚೆನ್ನಾಗಿ ಕುಡಿಸಿ. ಕಿಡ್ನಿಗೆ ಒಳ್ಳೆಯದು, ನರ ಸಿಗುವುದೂ ಸುಲಭ. ಔಷಧವನ್ನು ನಿಧಾನವಾಗಿ ಬಿಡಬೇಕು. ಜೊಲೆಡ್ರೊನಿಕ್ ಆಸಿಡ್ ಮಕ್ಕಳಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಬೇಗ ಮುಗಿಸಿ ಮನೆಗೆ ಹೋಗೋಣ ಅಂತ ಯಾರೂ ಅವಸರ ಮಾಡಬಾರದು. ವೇಗವಾಗಿ ಹೋದರೆ ಕಿಡ್ನಿಗೆ ಪೆಟ್ಟು. ರಿಂಗರ್ ಲ್ಯಾಕ್ಟೇಟ್ ಥರದ ಕ್ಯಾಲ್ಸಿಯಂ ಇರುವ ದ್ರವದ ಜೊತೆ ಇದನ್ನು ಬೆರೆಸುವಂತಿಲ್ಲ.

ಇನ್ನೊಂದು ವಿಷಯ ಔಷಧದ್ದಲ್ಲ, ಆದರೂ ಆ ದಿನ ಅದೇ ದೊಡ್ಡ ಅಪಾಯ. ನರ ಹುಡುಕಲು ತೋಳಿಗೆ ಬಿಗಿಯಾಗಿ ರಬ್ಬರ್ ಕಟ್ಟುವುದು, ಬಿಪಿ ನೋಡುವ ಪಟ್ಟಿ ಉಬ್ಬಿಸುವುದು, ಅಳುವ ಮಗುವಿನ ಕೈಯನ್ನು ಇಬ್ಬರು ಅದುಮಿ ಹಿಡಿಯುವುದು. ತೀವ್ರ ಓಐ ಇರುವ ಮಗುವಿನ ಮೂಳೆ ಇಷ್ಟಕ್ಕೇ ಮುರಿಯಬಹುದು. "ಇವಳಿಗೆ ಓಐ ಇದೆ, ಕೈ ತಿರುಚಬೇಡಿ, ನಾನೇ ಹಿಡ್ಕೋತೀನಿ" ಅಂತ ಮೊದಲೇ ಹೇಳಿ. ಅಂಗೈಯನ್ನು ಮಗುವಿನ ಮುಂಗೈ ಕೆಳಗೆ ಪೂರ್ತಿ ಹಾಸಿದ ಹಾಗೆ ಇಟ್ಟು ಆಧಾರ ಕೊಡಿ. ಬೆರಳಿಂದ ಅಮುಕಬೇಡಿ, ಎಳೆಯಬೇಡಿ. ಕೈಗೆ ಹಲಗೆ ಕಟ್ಟುವುದಿದ್ದರೆ ಕೆಳಗೆ ದಪ್ಪಗೆ ಹತ್ತಿ ಇರಲಿ.

ಎರಡು ವರ್ಷದ ಒಳಗಿನ ಕೂಸುಗಳಿಗೆ, ಅದರಲ್ಲೂ ಎದೆಗೂಡು ಚಿಕ್ಕದಿದ್ದು ಮೊದಲೇ ಉಸಿರಾಟದ ತೊಂದರೆ ಇದ್ದವರಿಗೆ, ಮೊದಲ ಡ್ರಿಪ್‌ನ ಹೊತ್ತಿಗೆ ಉಸಿರಾಟ ಬಿಗಡಾಯಿಸಿದ ಉದಾಹರಣೆಗಳಿವೆ. ಇಂಥ ಕೂಸಿಗೆ ಬೆಳಿಗ್ಗೆ ಹಾಕಿಸಿ ಸಂಜೆ ಮನೆಗೆ ಅನ್ನುವುದು ಬೇಡ. ಅಡ್ಮಿಟ್ ಮಾಡಿಸಿ, ಆಮ್ಲಜನಕದ ಮಟ್ಟ ನೋಡುವ ಯಂತ್ರ ಹಾಕಿ, ಮಕ್ಕಳ ಐಸಿಯು ಇರುವ ಆಸ್ಪತ್ರೆಯಲ್ಲೇ ಮೊದಲ ಡೋಸ್ ಆಗಲಿ.

ಮೊದಲ ಮೂರು ದಿನ

ಮೊದಲ ಡ್ರಿಪ್ ಆದ ಹೆಚ್ಚಿನ ಮಕ್ಕಳಿಗೆ ಒಂದೆರಡು ದಿನದೊಳಗೆ ಜ್ವರ ಬರುತ್ತದೆ. ಮೈಕೈ ನೋವು, ವಾಂತಿ, ಸುಸ್ತು, ಫ್ಲೂ ಬಂದ ಹಾಗೆ. ಇದು ಸೋಂಕಲ್ಲ. ಔಷಧಕ್ಕೆ ಮೈ ತೋರಿಸುವ ಪ್ರತಿಕ್ರಿಯೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಮುಂದಿನ ಡೋಸ್‌ಗಳಲ್ಲಿ ಬರುವುದೇ ಇಲ್ಲ, ಬಂದರೂ ಸಣ್ಣದಾಗಿ. ಡಾಕ್ಟರ್ ತೂಕಕ್ಕೆ ತಕ್ಕಂತೆ ಬರೆದುಕೊಟ್ಟ ಪ್ಯಾರಾಸಿಟಮಾಲ್ ಕೊಡಿ. ಐಬುಪ್ರೊಫೆನ್ ಥರದ ನೋವಿನ ಔಷಧ ಕಿಡ್ನಿಗೆ ಭಾರ, ಡಾಕ್ಟರನ್ನು ಕೇಳದೆ ಈ ದಿನಗಳಲ್ಲಿ ಬೇಡ.

ಅಜ್ಜಿಯರಿಗೆ ಒಂದು ಮಾತು. ಮಗು ಮೈಕೈ ನೋವು ಅಂತ ಅಳುತ್ತದೆ, ನಮ್ಮ ಕೈ ತಾನಾಗಿ ಕಾಲು ಒತ್ತಲು ಹೋಗುತ್ತದೆ. ದಯವಿಟ್ಟು ಒತ್ತಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಬೆಚ್ಚಗೆ ಹೊದಿಸಿ, ತಲೆ ಸವರಿ, ಅಷ್ಟು ಸಾಕು. ನೋವು ಮೈಯೆಲ್ಲ ಇರದೆ ಒಂದೇ ಜಾಗದಲ್ಲಿ ಇದ್ದರೆ, ಅಲ್ಲಿ ಊತ ಇದ್ದರೆ, ಮಗು ಆ ಕೈ ಅಥವಾ ಕಾಲನ್ನು ಅಲ್ಲಾಡಿಸದಿದ್ದರೆ, ಅದು ಜ್ವರದ ನೋವಲ್ಲ. ಮುರಿದಿರಬಹುದು, ಎಕ್ಸ್‌ರೇ ತೆಗೆಸಿ.

ನಿಜವಾಗಿ ಕಣ್ಣಿಡಬೇಕಾದದ್ದು ಕ್ಯಾಲ್ಸಿಯಂ ಮೇಲೆ. ಅದು ಕುಸಿಯುವುದೂ ಇದೇ ಒಂದರಿಂದ ಮೂರು ದಿನದಲ್ಲಿ, ಜ್ವರದ ಗಲಾಟೆಯ ನಡುವೆ. ಹಾಗಾಗಿ ಗೊತ್ತಾಗದೆ ಹೋಗುವುದು ಸುಲಭ. ಮಾತು ಬರುವ ಮಗು, "ಅಮ್ಮಾ, ತುಟಿ ಜುಮ್ ಅಂತಿದೆ" ಅನ್ನಬಹುದು. ಬೆರಳ ತುದಿಯಲ್ಲಿ ಇರುವೆ ಹರಿದಂತೆ ಅನಿಸುತ್ತದೆ. ಮೀನಖಂಡ ಹಿಡಿದುಕೊಳ್ಳುತ್ತದೆ. ಜಾಸ್ತಿಯಾದರೆ ಮಣಿಕಟ್ಟು ಒಳಗೆ ಮಡಚಿ, ಬೆರಳುಗಳು ಒಂದಕ್ಕೊಂದು ಅಂಟಿ ನೆಟ್ಟಗೆ ಸೆಟೆದು, ಹೆಬ್ಬೆರಳು ಅಂಗೈ ಕಡೆ ಬಾಗುತ್ತದೆ. ಮಗುವಿಗೆ ಅದನ್ನು ಬಿಡಿಸಲು ಆಗುವುದಿಲ್ಲ. ಮಾತು ಬಾರದ ಕೂಸಿನಲ್ಲಿ ಸುಮ್ನೆ ಬೆಚ್ಚಿ ಬೀಳುವುದು, ಕೈಕಾಲು ಅದುರುವುದು, ಹಾಲು ಬಿಡುವುದು ಕಾಣುತ್ತದೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ ರಕ್ತದ ಕ್ಯಾಲ್ಸಿಯಂ ನೋಡಿಸಿ. ಫಿಟ್ಸ್ ಬಂದರಂತೂ 108ಕ್ಕೆ ಫೋನ್ ಮಾಡಿ. ಆ ಮೂರು ದಿನ ವಾಂತಿಯಾಗಿ ಕ್ಯಾಲ್ಸಿಯಂ ಔಷಧ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಅಂದರೆ ಅದನ್ನೂ ಡಾಕ್ಟರಿಗೆ ತಿಳಿಸಬೇಕು. ಮೊದಲ ಡೋಸ್ ಆದ ಮೇಲೆ ಒಂದೆರಡು ದಿನಕ್ಕೆ ಕ್ಯಾಲ್ಸಿಯಂ ಪರೀಕ್ಷೆ ಮಾಡುತ್ತೀರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಊರು ದೂರ ಇದ್ದವರು ಆ ಎರಡು ದಿನ ಆಸ್ಪತ್ರೆ ಹತ್ತಿರವೇ ಉಳಿಯುವುದು ಒಳ್ಳೆಯದು.

ಡುಶೆನ್ ಇರುವ, ದಿನಾ ಸ್ಟೀರಾಯ್ಡ್ ತೆಗೆದುಕೊಳ್ಳುವ ಹುಡುಗರಿಗೆ ಇನ್ನೊಂದು ಅಪಾಯ ಇದೆ. ಇದು ಸಾಕಷ್ಟು ಮನೆಯವರಿಗೆ ಗೊತ್ತಿರುವುದಿಲ್ಲ. ಬಹಳ ಕಾಲ ಸ್ಟೀರಾಯ್ಡ್ ತಿಂದ ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಡ್ರಿಪ್‌ನ ಜ್ವರ, ವಾಂತಿ ಬಂದಾಗ ಮೈಗೆ ಜಾಸ್ತಿ ಸ್ಟೀರಾಯ್ಡ್ ಬೇಕು, ಆದರೆ ಒಳಗಿಂದ ಬರುವುದಿಲ್ಲ. ಬಿಪಿ ಬಿದ್ದು ಹುಡುಗ ಮಂಕಾಗಬಹುದು, ಪ್ರಾಣಕ್ಕೇ ಅಪಾಯ ಆಗಬಹುದು. ಡ್ರಿಪ್‌ಗೆ ಮುಂಚೆಯೇ, "ಜ್ವರ ಬಂದರೆ ಸ್ಟೀರಾಯ್ಡ್ ಎಷ್ಟು ಹೆಚ್ಚಿಸಬೇಕು, ವಾಂತಿಯಾದರೆ ಇಂಜೆಕ್ಷನ್ ಎಲ್ಲಿ ಹಾಕಿಸಬೇಕು" ಅಂತ ಡಾಕ್ಟರಿಂದ ಬರೆಸಿಕೊಳ್ಳಿ. ಆ ಚೀಟಿ ಇಲ್ಲದೆ ಮನೆಗೆ ಹೊರಡಬೇಡಿ.

ಕಣ್ಣು ಕೆಂಪಾಗಿ, ನೋವಿದ್ದು, ಬೆಳಕು ನೋಡಲಾಗದೆ ಇದ್ದರೆ ಅದು ಕಣ್ಣಿನ ಒಳಗಿನ ಉರಿಯೂತ ಇರಬಹುದು. ಅಪರೂಪ. ಆದರೆ ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಹಾಕಿ ಕಾಯಬಾರದು, ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಮಾತ್ರೆ ಕೊಟ್ಟಿದ್ದರೆ

ರಿಸೆಡ್ರೊನೇಟ್, ಅಲೆಂಡ್ರೊನೇಟ್ ಮಾತ್ರೆಗಳೂ ಇವೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ನೆಟ್ಟಗೆ ಕೂತಿರಬೇಕು. ಅಗಿಯಬಾರದು. ಇಲ್ಲದಿದ್ದರೆ ಅನ್ನನಾಳ ಹುಣ್ಣಾಗುತ್ತದೆ. ಅಷ್ಟು ಹೊತ್ತು ನೆಟ್ಟಗೆ ಕೂರಲು ಆಗದ ಮಗುವಿಗೆ ಮಾತ್ರೆ ಸರಿಯಲ್ಲ. ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಕೊಟ್ಟರೆ ಔಷಧ ಹೀರಿಕೊಳ್ಳುವುದೇ ಇಲ್ಲ.

ಮೂಳೆ ಮುರಿದಾಗ, ರಾಡ್ ಹಾಕುವಾಗ

ಡ್ರಿಪ್ ನಡೆಯುತ್ತಿರುವಾಗ ಮೂಳೆ ಮುರಿದರೆ ಸಾಮಾನ್ಯವಾಗಿ ಅದು ಎಂದಿನಂತೆ ಕೂಡಿಕೊಳ್ಳುತ್ತದೆ. ಆದರೆ ಬಾಗಿದ ಮೂಳೆಯನ್ನು ಡಾಕ್ಟರೇ ಕತ್ತರಿಸಿ ನೇರ ಮಾಡಿ ರಾಡ್ ಹಾಕುವ ಆಪರೇಷನ್ ಬೇರೆ ವಿಷಯ. ಅಲ್ಲಿ ಕತ್ತರಿಸಿದ ಜಾಗ ಕೂಡುವುದು ಈ ಔಷಧದಿಂದ ತಡವಾಗಬಹುದು. ಆದ್ದರಿಂದ ಆಪರೇಷನ್ ಆದ ಮೇಲೆ ಸುಮಾರು ನಾಲ್ಕು ತಿಂಗಳು, ಅಥವಾ ಎಕ್ಸ್‌ರೇಯಲ್ಲಿ ಕೂಡಿಕೊಂಡದ್ದು ಕಾಣುವ ತನಕ, ಮುಂದಿನ ಡ್ರಿಪ್ ತಡೆಹಿಡಿಯುವ ರೂಢಿ ಇದೆ.

ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ಡ್ರಿಪ್ ಕೊಡುವವರು ಮಕ್ಕಳ ಹಾರ್ಮೋನ್ ಡಾಕ್ಟರ್, ಆಪರೇಷನ್ ಮಾಡುವವರು ಮೂಳೆ ಡಾಕ್ಟರ್. ಕೆಲವು ಸಲ ಬೇರೆ ಬೇರೆ ಊರಿನಲ್ಲಿ. ಇಬ್ಬರ ನಡುವೆ ಮಾತು ನಡೆಯದಿದ್ದರೆ ಆಪರೇಷನ್ ಆದ ಮರುವಾರವೇ ಡ್ರಿಪ್‌ನ ತಾರೀಖು ಬಂದಿರುತ್ತದೆ. ಎಲ್ಲರೂ ಅವರವರ ಕೆಲಸ ಸರಿಯಾಗಿಯೇ ಮಾಡಿರುತ್ತಾರೆ, ಆದರೂ ಮಗುವಿನ ಕಾಲು ಕೂಡುವುದಿಲ್ಲ. ಇಬ್ಬರಿಗೂ ತಿಳಿಸುವ ಕೆಲಸ ಅಪ್ಪ ಅಮ್ಮನ ಮೇಲೆ ಬೀಳುತ್ತದೆ. ಒಂದು ನೋಟ್ ಪುಸ್ತಕ ಇಡಿ. ಪ್ರತಿ ಡ್ರಿಪ್‌ನ ತಾರೀಖು, ಔಷಧದ ಹೆಸರು, ಆ ದಿನದ ತೂಕ, ಎಷ್ಟು ಮಿಲಿಗ್ರಾಂ, ಆಮೇಲೆ ಏನಾಯಿತು. ಪ್ರತಿ ಮುರಿತ, ಪ್ರತಿ ಆಪರೇಷನ್. ಡಿಸ್ಚಾರ್ಜ್ ಸಮ್ಮರಿ ಕಳೆದುಹೋದರೂ ಇದು ಉಳಿಯುತ್ತದೆ.

ನಾಟಿ ಪಟ್ಟಿ ಕಟ್ಟಿಸುವ ಬಗ್ಗೆ ಕೇಳುವವರಿದ್ದಾರೆ. ಓಐ ಮಗುವಿನ ಕೈಕಾಲು ಎಳೆದು ಕೂರಿಸುವುದು ಹೊಸ ಮುರಿತಕ್ಕೆ ದಾರಿ. ಬೇಡವೇ ಬೇಡ.

ವರ್ಷಗಳು ಕಳೆದಂತೆ

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮಂಡಿಯ ಹತ್ತಿರ ನೋಡಿ. ಮೂಳೆ ಬೆಳೆಯುವ ತುದಿಯಿಂದ ಶುರುವಾಗಿ ಒಂದರ ಕೆಳಗೊಂದು ತೆಳ್ಳನೆಯ ಬಿಳಿ ಗೆರೆಗಳು ಕಾಣುತ್ತವೆ. ಝೀಬ್ರಾ ಗೆರೆ ಅನ್ನುತ್ತಾರೆ. ಒಂದೊಂದು ಗೆರೆ ಒಂದೊಂದು ಡ್ರಿಪ್‌ನ ಗುರುತು. ಎರಡು ಗೆರೆಗಳ ನಡುವಿನ ಜಾಗ ಆ ತಿಂಗಳುಗಳಲ್ಲಿ ಮಗು ಬೆಳೆದ ಉದ್ದ. ಇದರಿಂದ ತೊಂದರೆಯಿಲ್ಲ, ಬೆಳವಣಿಗೆ ನಿಲ್ಲುವುದಿಲ್ಲ.

ಚಿಂತಿಸಬೇಕಾದ್ದು ಅತಿಯಾದ ಚಿಕಿತ್ಸೆಯ ಬಗ್ಗೆ. 2003ರಲ್ಲಿ ಅಮೆರಿಕದ ವೈದ್ಯರು ಒಬ್ಬ ಹುಡುಗನ ಬಗ್ಗೆ ಬರೆದರು. ಅವನಿಗೆ ಓಐ ಇರಲಿಲ್ಲ. ವಾಡಿಕೆಗಿಂತ ಹಲವು ಪಟ್ಟು ಹೆಚ್ಚು ಪಮಿಡ್ರೊನೇಟ್ ವರ್ಷಗಟ್ಟಲೆ ಕೊಟ್ಟಿದ್ದರು. ಅವನ ಮೂಳೆ ಎಕ್ಸ್‌ರೇಯಲ್ಲಿ ಅಚ್ಚ ಬಿಳಿಯಾಗಿ ಕಾಣುತ್ತಿತ್ತು. ಗಟ್ಟಿಯಾಗಿ ಕಂಡರೂ ಒಳಗೆ ಹಳೇ ಮೂಳೆ ಕರಗದೆ ಉಳಿದು, ಕಲ್ಲುಮೂಳೆ ರೋಗದವರ (ಆಸ್ಟಿಯೋಪೆಟ್ರೋಸಿಸ್) ಹಾಗೆ ಸುಲಭವಾಗಿ ಮುರಿಯುತ್ತಿತ್ತು. ಹೆಚ್ಚು ಔಷಧ ಹಾಕಿದಷ್ಟೂ ಮೂಳೆಗೆ ಬಲ ಅನ್ನುವುದು ಸುಳ್ಳು ಅಂತ ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಓಐ ಮಕ್ಕಳಲ್ಲಿ ಲಾಭದ ದೊಡ್ಡ ಪಾಲು ಮೊದಲ ಎರಡರಿಂದ ನಾಲ್ಕು ವರ್ಷದಲ್ಲಿ ಸಿಗುತ್ತದೆ. ಆಮೇಲೆ ಡೋಸ್ ಇಳಿಸುವುದು ಅಥವಾ ಅಂತರ ಹೆಚ್ಚಿಸುವುದು ಪದ್ಧತಿ. ಹಾಗಾಗಿ ವರ್ಷಕ್ಕೊಮ್ಮೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮತ್ತು ಬೆನ್ನಿನ ಎಕ್ಸ್‌ರೇ ಇಟ್ಟುಕೊಂಡು ಕೇಳಿ, "ಇದೇ ಡೋಸ್ ಮುಂದುವರಿಸಬೇಕಾ, ಇಳಿಸಬಹುದಾ?" ನಾಲ್ಕೈದು ವರ್ಷದಿಂದ ಯಾರೂ ಈ ಪ್ರಶ್ನೆ ಕೇಳಿಲ್ಲ ಅಂದರೆ ಈಗ ಕೇಳಲೇಬೇಕು.

ತೊಡೆಯಲ್ಲಿ ಅಥವಾ ತೊಡೆಸಂದಿನಲ್ಲಿ ವಾರಗಟ್ಟಲೆ ಮಂದ ನೋವು, ನಡೆದಾಗ ಜಾಸ್ತಿ, ಪೆಟ್ಟು ಬಿದ್ದ ನೆನಪಿಲ್ಲ. ಇದನ್ನು ಬೆಳೆಯುವ ವಯಸ್ಸಿನ ನೋವು ಅಂತ ತಳ್ಳಿಹಾಕಬೇಡಿ. ತೊಡೆಮೂಳೆಯ ಹೊರ ಅಂಚಿನಲ್ಲಿ ಬಿರುಕು ಶುರುವಾಗಿರಬಹುದು. ಎರಡೂ ತೊಡೆಯ ಎಕ್ಸ್‌ರೇ ಬೇಕು. ದೊಡ್ಡವರಲ್ಲಿ ಈ ಬಗೆಯ ಮುರಿತಕ್ಕೂ ಬಹುಕಾಲದ ಔಷಧಕ್ಕೂ ನಂಟಿದೆ. ಓಐ ಮಕ್ಕಳಲ್ಲಿ ಮಾತ್ರ, ಬಾಗಿದ ತೊಡೆಮೂಳೆ ಔಷಧವಿಲ್ಲದೆಯೂ ಹೀಗೇ ಬಿರುಕು ಬಿಡುತ್ತದೆ. ಕಾರಣ ಯಾವುದೇ ಇರಲಿ, ಪೂರ್ತಿ ಮುರಿಯುವ ಮುಂಚೆ ಕಂಡುಹಿಡಿದರೆ ರಾಡ್ ಹಾಕಿ ಉಳಿಸಬಹುದು.

ನಿಲ್ಲಿಸುವಾಗ

ದುಡ್ಡಿಲ್ಲ, ಊರು ದೂರ, ಮಗು ಚೆನ್ನಾಗಿದೆ, ಪರೀಕ್ಷೆ ಇದೆ. ಇಂಥ ಕಾರಣಗಳಿಗೆ ಡ್ರಿಪ್ ನಿಂತುಹೋಗುತ್ತದೆ. ಬೆಳೆಯುತ್ತಿರುವ ಮಗುವಿನಲ್ಲಿ ಇದಕ್ಕೊಂದು ಬೆಲೆ ಇದೆ. ಔಷಧ ಇದ್ದಾಗ ಬೆಳೆದ ಮೂಳೆ ಗಟ್ಟಿ, ನಿಂತ ಮೇಲೆ ತುದಿಯಲ್ಲಿ ಹೊಸದಾಗಿ ಬೆಳೆದದ್ದು ಮೆದು. ಇವೆರಡೂ ಸೇರುವ ಗೆರೆಯಲ್ಲೇ ಮೂಳೆ ಮುರಿಯುತ್ತದೆ. ಅದಕ್ಕೇ ಬೆಳವಣಿಗೆ ಮುಗಿಯುವ ತನಕ ಕಡಿಮೆ ಡೋಸ್‌ನಲ್ಲಾದರೂ ಮುಂದುವರಿಸಿ ಅನ್ನುವ ಡಾಕ್ಟರುಗಳೇ ಹೆಚ್ಚು.

ದುಡ್ಡಿನ ವಿಷಯಕ್ಕೆ ಒಂದು ದಾರಿ ಇದೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಓಐಗೆ ಕೊಡುವ ಬಿಸ್‌ಫಾಸ್ಫೊನೇಟ್ ಚಿಕಿತ್ಸೆಯ ಹೆಸರಿದೆ. ಗುರುತಿಸಿದ ಕೇಂದ್ರಗಳಲ್ಲಿ ನೋಂದಾಯಿಸಿದವರಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುವಂತೆ 2022ರಲ್ಲಿ ಬದಲಾಯಿಸಿದರು. ಬೆಂಗಳೂರಿನಲ್ಲಿ ಈ ಕೇಂದ್ರ ಇರುವುದು ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆಯಲ್ಲಿ. ಡ್ರಿಪ್ ನಿಲ್ಲಿಸುವ ಮೊದಲು ಅಲ್ಲಿ ಹೋಗಿ ವಿಚಾರಿಸಿ.

ಡೆನೊಸುಮ್ಯಾಬ್ ಎಂಬ ಇಂಜೆಕ್ಷನ್ ಬಗ್ಗೆ ಜಾಸ್ತಿ ಎಚ್ಚರ ಬೇಕು. ಚರ್ಮದ ಕೆಳಗೆ ಒಂದು ಚುಚ್ಚು, ಡ್ರಿಪ್ ಇಲ್ಲ, ಹಾಗಾಗಿ ಸುಲಭ ಅನಿಸುತ್ತದೆ. ದೊಡ್ಡವರ ಮೂಳೆ ಸವೆತಕ್ಕೆ ಇದು ಚೆನ್ನಾಗಿ ಬಳಕೆಯಲ್ಲಿದೆ. ಆದರೆ ಇದು ಬಿಸ್‌ಫಾಸ್ಫೊನೇಟ್ ಹಾಗೆ ಮೂಳೆಯಲ್ಲಿ ಉಳಿಯುವುದಿಲ್ಲ. ಪ್ರಭಾವ ಇಳಿದ ಕೂಡಲೇ ಮೂಳೆ ಕೆತ್ತುವ ಕಣಗಳು ಒಮ್ಮೆಗೇ ಎದ್ದು ಕೆಲಸಕ್ಕಿಳಿಯುತ್ತವೆ. ಬೆಳೆಯುವ ಮಕ್ಕಳಲ್ಲಿ ಆಗ ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರುತ್ತದೆ. ಓಐ ಮಕ್ಕಳ ಮೇಲೆ ನಡೆಯುತ್ತಿದ್ದ ಪ್ರಯೋಗಗಳಲ್ಲೂ ಇದೇ ತೊಂದರೆ ಎದುರಾಯಿತು. ಗುರುತುಗಳು: ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ವಾಂತಿ, ಮಲಬದ್ಧತೆ, ಹೊಟ್ಟೆನೋವು, ಮಂಕು. ನಿಮ್ಮ ಮಗುವಿಗೆ ಈ ಇಂಜೆಕ್ಷನ್ ಹಾಕಿದ್ದರೆ ಮುಂದಿನ ತಾರೀಖನ್ನು ತಪ್ಪಿಸಬೇಡಿ, ನಿಲ್ಲಿಸುವುದಿದ್ದರೆ ಅದರ ಬದಲಿಗೆ ಏನು ಕೊಡುತ್ತೀರಿ ಅಂತ ಕೇಳಿ. ಸಕ್ಕರೆ ಕಾಯಿಲೆ ಇರಬಹುದು ಅಂತ ಯಾರಾದರೂ ಶುಗರ್ ಮಾತ್ರ ನೋಡಿ ಕಳಿಸಿದರೆ, ಕ್ಯಾಲ್ಸಿಯಂ ಕೂಡ ನೋಡಲು ಹೇಳಿ.

ಹುಡುಗಿಯರು ದೊಡ್ಡವರಾದ ಮೇಲೆ

ಬಿಸ್‌ಫಾಸ್ಫೊನೇಟ್ ಮೂಳೆಯೊಳಗೆ ವರ್ಷಗಟ್ಟಲೆ ಉಳಿಯುತ್ತದೆ. ಚಿಕ್ಕಂದಿನಲ್ಲಿ ಪಮಿಡ್ರೊನೇಟ್ ಪಡೆದವರ ಮೂತ್ರದಲ್ಲಿ, ನಿಲ್ಲಿಸಿ 8 ವರ್ಷದವರೆಗೂ ಅದರ ಅಂಶ ಸಿಕ್ಕಿದೆ. ಹೀಗಾಗಿ ಮದುವೆ, ಮಕ್ಕಳ ಮಾತು ಬಂದಾಗ ಇದು ಮರೆತುಹೋದ ಹಳೇ ಔಷಧ ಅಲ್ಲ. ಈವರೆಗೆ ವರದಿಯಾದ ಗರ್ಭಿಣಿಯರ ಸಂಖ್ಯೆ ಚಿಕ್ಕದು. ಅವರಲ್ಲಿ ಹೆಚ್ಚಿನವರ ಮಕ್ಕಳು ಚೆನ್ನಾಗಿಯೇ ಇದ್ದಾರೆ. ಹುಟ್ಟಿದ ಹೊಸದರಲ್ಲಿ ಕೆಲವು ಕೂಸುಗಳ ಕ್ಯಾಲ್ಸಿಯಂ ಸ್ವಲ್ಪ ದಿನ ಕಡಿಮೆಯಾಗಿತ್ತು. ಹೆದರುವಂಥದ್ದಲ್ಲ, ಆದರೆ ಹೆರಿಗೆ ಡಾಕ್ಟರಿಗೂ ಮಕ್ಕಳ ಡಾಕ್ಟರಿಗೂ ಮೊದಲೇ ಗೊತ್ತಿರಬೇಕು. ಓಐ ಮಗುವಿಗೂ ಬರುವ ಸಾಧ್ಯತೆ ಎಷ್ಟು ಎಂಬ ಮಾತನ್ನು ತಳಿವಿಜ್ಞಾನದ ಡಾಕ್ಟರ ಹತ್ತಿರ, ಮದುವೆಗೆ ಮುಂಚೆಯೇ ಕೂತು ಆಡುವುದು ಒಳ್ಳೆಯದು.

ಎಷ್ಟೋ ಮನೆಗಳಲ್ಲಿ ಇದನ್ನೆಲ್ಲ ಅಮ್ಮ ಒಬ್ಬಳೇ ತಲೆಯಲ್ಲಿ ಇಟ್ಟುಕೊಂಡಿರುತ್ತಾಳೆ. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ನೋಟ್ ಪುಸ್ತಕವನ್ನು ಅವರ ಕೈಗೇ ಕೊಡಿ. ಮುಂದಿನ ಡ್ರಿಪ್‌ನ ತೂಕ, ಡೋಸ್ ಅವರೇ ಬರೆಯಲಿ, ಸಿಸ್ಟರನ್ನು ಅವರೇ ಕೇಳಲಿ. ಹದಿನೆಂಟು ತುಂಬಿ ಮಕ್ಕಳ ಆಸ್ಪತ್ರೆಯಿಂದ ದೊಡ್ಡವರ ಆಸ್ಪತ್ರೆಗೆ ಹೋಗುವಾಗ, ಹೊಸ ಡಾಕ್ಟರ್ ಮೊದಲು ಕೇಳುವುದೇ ಈ ಔಷಧ ಯಾವಾಗ ಶುರುವಾಯಿತು, ಒಟ್ಟು ಎಷ್ಟು ಹೋಗಿದೆ, ಕೊನೆಯ ಡೋಸ್ ಯಾವಾಗ ಅಂತ.